ಪಾರ್ಟ್ ಬಿಲ್ ಮಹಾತ್ಮೆ

ಹಾಸನ ಜಿಲ್ಲೆಯಲ್ಲಿ ಸರ್ಕಾರಿ ಗುತ್ತಿಗೆ ಹಿಡಿಯಲು ಜಲ್ಲಿ, ಸಿಮೆಂಟಿನ ಜ್ಞಾನ ಅಷ್ಟೇನೂ ಬೇಡ. ತಾಳ್ಮೆ ಇದ್ದರೆ ಸಾಕು. ಕೇಳಿದ ಕಡೆಯೆಲ್ಲ ಸಾಲ ಹುಟ್ಟುವಂತಿದ್ದರೆ ಇನ್ನೂ ಒಳ್ಳೆಯದು.

ಟೆಂಡರ್ ಕಾಗದದಲ್ಲಿ ಎಲ್ಲ ಚೆನ್ನಾಗಿಯೇ ಇರುತ್ತದೆ. ಒಂದಿಷ್ಟು ಕೆಲಸ ಮುಗಿಸಿ, ಅಳತೆ ಮಾಡಿಸಿ, ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆಸಿ, ಅಷ್ಟು ಕೆಲಸಕ್ಕೆ ಪಾರ್ಟ್ ಬಿಲ್ ಹಾಕಿ, ದುಡ್ಡು ತಗೊಂಡು ಮುಂದಿನ ಕೆಲಸ ಶುರುಮಾಡಿ. ಇಷ್ಟು ಸಲೀಸು.

ಸಕಲೇಶಪುರದ ಕಡೆ ನನ್ನ ಗೆಳೆಯನೊಬ್ಬ ಚರಂಡಿ ಕೆಲಸ ಹಿಡಿದ. ತಳಕ್ಕೆ ಬೆಡ್ ಕಾಂಕ್ರೀಟ್ ಹಾಕಿ ಅಳತೆಗೆ ಜೂನಿಯರ್ ಇಂಜಿನಿಯರ್ (ಜೆಇ) ಅವರನ್ನು ಕರೆದ. ಅವತ್ತು ಅವರಿಗೆ ಮೀಟಿಂಗ್. ಮಾರನೇ ದಿನ ಇನ್ನೊಂದು ಮೀಟಿಂಗ್. ಅಷ್ಟರಲ್ಲಿ ಜೂನ್ ಬಂತು. ಮಲೆನಾಡಿನ ಮಳೆಗೆ ಮೀಟಿಂಗ್ ಇರಲ್ಲ ನೋಡಿ, ಬಂದು ಚರಂಡಿ ತುಂಬ ಮಣ್ಣು ಸುರಿದು ಹೋಯಿತು. ಆಮೇಲೆ ಜೆಇ ಬಂದರು. ಕೊಡೆ ಹಿಡಿದುಕೊಂಡೇ ಬಗ್ಗಿ ನೋಡಿದರು.

“ಬೆಡ್ ಎಲ್ರೀ?”

“ಮಣ್ಣಿನ ಕೆಳಗಿದೆ ಸಾರ್.”

“ಕಾಣದೇ ಇರೋದನ್ನ ಹೆಂಗ್ರೀ ಬರೆಯೋದು? ಮಣ್ಣು ತೆಗೆಸಿ.”

ತೆಗೆಸಿದ. ಮೇಸ್ತ್ರಿ ಮೊಣಕಾಲುದ್ದ ಕೆಸರಲ್ಲಿ ನಿಂತು ಟೇಪಿನ ತುದಿ ಹಿಡಿದ. ಅಳತೆ ಆಯಿತು. ಮಣ್ಣು ತೆಗೆದ ಕೂಲಿ ಎಸ್ಟಿಮೇಟಿನಲ್ಲಿ ಇಲ್ಲವಂತೆ. ಅದು ಗೆಳೆಯನ ದೇಶಸೇವೆ.

ಮುಂದೆ ಬಿಲ್ಲಿನ ತೀರ್ಥಯಾತ್ರೆ. ಜೆಇ ಮೇಲಿನ ಇಂಜಿನಿಯರ್ ಎಇಇ ಚೆಕ್ ಮಾಡಬೇಕು, ಹಾಸನದ ಕಚೇರಿಯಲ್ಲಿ ಲೆಕ್ಕದವರು ತಕರಾರು ತೆಗೆಯಬೇಕು, ಎಇಇಗೂ ಮೇಲಿನ ಇಇ ಸಹಿ ಬೀಳಬೇಕು. ಎಲ್ಲ ಮುಗಿದ ಮೇಲೆ ಮಹಾಮಂತ್ರ: “ಎಲ್‌ಒಸಿ ಬಂದಿಲ್ಲ.” ಅಂದರೆ ದುಡ್ಡು ಬಿಡುಗಡೆ ಮಾಡುವ ಲೆಟರ್ ಆಫ್ ಕ್ರೆಡಿಟ್ ಇನ್ನೂ ಮೇಲಿಂದ ಇಳಿದಿಲ್ಲ. ಅಲ್ಲಿಂದ ಬಿಲ್ಲು ಸೀನಿಯಾರಿಟಿ ಪಟ್ಟಿಯಲ್ಲಿ ಕೂರುತ್ತದೆ. ವಯಸ್ಸಾಗುತ್ತದೆ, ಬಡ್ತಿ ಸಿಗಲ್ಲ.

ಇತ್ತ ಶನಿವಾರ ಬಟವಾಡೆ. ಗೆಳೆಯ ಮೇಸ್ತ್ರಿಗೂ ಎಲ್‌ಒಸಿ ಬಂದಿಲ್ಲ ಅಂತ ಹೇಳಿ ನೋಡಿದ.

“ಯಾವ ಊರಿಂದ ಬರಬೇಕಣ್ಣ? ಬಸ್ಸು ತಪ್ಪೋಯ್ತಾ?”

ಕೊನೆಗೂ ದುಡ್ಡು ಬಂದರೆ ಕಡಿತಗಳು ಮೊದಲೇ ಎಲೆ ಮುಂದೆ ಕೂತಿರುತ್ತವೆ. ಕಾರ್ಮಿಕ ಸೆಸ್ ಶೇ. 1, ಜಿಎಸ್‌ಟಿ ಟಿಡಿಎಸ್ ಶೇ. 2, ಆದಾಯ ತೆರಿಗೆ, ಜಲ್ಲಿ, ಮರಳಿನ ರಾಜಧನ, ಭದ್ರತಾ ಠೇವಣಿ. ಇವಕ್ಕೆ ಯಾವ ಸೀನಿಯಾರಿಟಿಯೂ ಇಲ್ಲ.

ಕಾನೂನು ಇಲ್ಲ ಅನ್ನಬೇಡಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಿಗೆ ಕೊಡಬೇಕಾದ ದುಡ್ಡು 45 ದಿನ ಮೀರಬಾರದು. ಮೀರಿದರೆ ಆರ್‌ಬಿಐ ಹೇಳುವ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಗೆಳೆಯ ಕುಣಿದಾಡಿಬಿಟ್ಟ. ಕಟ್ಟಡ, ರಸ್ತೆಯಂಥ ಗುತ್ತಿಗೆಗೆ ಇದು ಅನ್ವಯಿಸಲ್ಲ ಎಂದು ಕೆಲವು ಹೈಕೋರ್ಟುಗಳು ಹೇಳಿವೆ ಅಂತ ವಕೀಲರು ಕೂರಿಸಿದರು.

ಕಚೇರಿ ಗುಡಿಸುವ ಗುತ್ತಿಗೆಯದ್ದು ಇನ್ನೂ ಚೆಂದ. ಕೆಲಸದವರಿಗೆ ಸಂಬಳ ಕೊಟ್ಟ ದಾಖಲೆ, ಪಿಎಫ್, ಇಎಸ್‌ಐ ಚಲನ್ ತಂದರೆ ಮಾತ್ರ ಏಜೆನ್ಸಿಗೆ ಬಿಲ್ಲು. ಬಿಲ್ಲು ಬಂದರೆ ಮಾತ್ರ ಸಂಬಳ ಅನ್ನುತ್ತದೆ ಏಜೆನ್ಸಿ. ಇಬ್ಬರ ನಡುವೆ ಪೊರಕೆ ಹಿಡಿದು ನಿಂತ ಹೆಂಗಸಿಗೆ ಎರಡು ಕಡೆಯಿಂದಲೂ ಒಂದೇ ಉತ್ತರ: “ನಾಳೆ ಬಾಮ್ಮ.”

ಗೆಳೆಯನ ಚರಂಡಿ ಈಗ ಫೈನಲ್ ಬಿಲ್ಲಿಗೆ ಬಂದಿದೆ. ಗುಮಾಸ್ತರು ಇನ್ನೊಂದು ಕಾಗದ ಕೇಳಿದ್ದಾರೆ: “ಇಲಾಖೆಯಿಂದ ನನಗೆ ಯಾವ ಬಾಕಿಯೂ ಇಲ್ಲ” ಅಂತ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಬಾಕಿ ಕೊಡುತ್ತಾರಂತೆ. ಅದನ್ನು ಬರೆಯಲು ಛಾಪಾ ಕಾಗದ ತರಲು ಹೋಗಿದ್ದಾನೆ. ಅಲ್ಲಿ ಪಾರ್ಟ್ ಬಿಲ್ ನಡೆಯಲ್ಲ, ಪೂರ್ತಿ ದುಡ್ಡು ಮುಂಗಡ.