ಙಕಾರದ ಕಾಗುಣಿತ ಬರೆಸುವವರಿಗೆ

ನಿನ್ನೆ ಸಂಜೆ ಮೈಸೂರಿನಲ್ಲಿ ಅಣ್ಣನ ಮಗಳ ಮನೆಗೆ ಹೋಗಿದ್ದೆ. ಒಂದನೇ ತರಗತಿಯಲ್ಲಿರುವ ಅವಳ ಮಗ ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಙ, ಙಾ, ಙಿ, ಙೀ ಎಂದು ಸಾಲು ಸಾಲಾಗಿ ಬರೆಯುತ್ತಿದ್ದ. ಹೋಮ್‌ವರ್ಕ್ ಅಂತೆ, ಹತ್ತು ಸಲ ಬರೆಯಬೇಕಂತೆ. ಮಗುವಿಗೆ ಬೇಕಾಗುವ, ಙೌ ಇರುವ ಒಂದೇ ಒಂದು ಕನ್ನಡ ಪದವನ್ನು ಈ ಹೋಮ್‌ವರ್ಕ್ ಕೊಟ್ಟವರು ತೋರಿಸಿದರೆ, ಅವರ ಮನೆಗೇ ಹೋಗಿ ಶಾಲು ಹೊದಿಸಿ ಬರುತ್ತೇನೆ.

“ಕಾಗುಣಿತ ನಿದ್ದೆಯಲ್ಲಿ ಕೇಳಿದರೂ ಹೇಳ್ತಾನೆ ಅತ್ತೆ” ಎಂದು ಅವಳು ಹೆಮ್ಮೆಪಟ್ಟಳು. ನಾನು ಪುಟದ ಅಂಚಿನಲ್ಲಿ ‘ಕಿವಿ’ ಎಂದು ಬರೆದು, ಓದು ಮರಿ ಎಂದೆ. ಹುಡುಗ ಬೆರಳು ಮಡಿಸುತ್ತಾ “ಕ, ಕಾ, ಕಿ” ಎಂದು ಎಣಿಸಿ ನಿಂತ. ಮತ್ತೆ “ವ, ವಾ, ವಿ” ಎಂದು ಎಣಿಸಿದ. ಅಷ್ಟರಲ್ಲಿ ಮೊದಲಿನ ‘ಕಿ’ ಮರೆತೇ ಹೋಗಿತ್ತು.

ನಾನು, ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಮಕ್ಕಳ ನಡುವೆ ನೆಲದ ಮೇಲೆ ಕುಳಿತೇ ಸರ್ವೀಸ್ ಮುಗಿಸಿದ ಟೀಚರು ಎಂಬುದು ನಿಮಗೆಲ್ಲ ಗೊತ್ತಿರುವುದರಿಂದ, ಈ ಸಿಟ್ಟು ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ಈ ಪದ್ಧತಿಯಲ್ಲಿ ಮಗು ಅ, ಆ, ಇ, ಈ ಎಂದು ಶುರುಮಾಡುವುದಿಲ್ಲ. ರ, ಗ, ಸ, ದ, ಅ ಎಂದು ಶುರುಮಾಡುತ್ತದೆ. ಈ ಐದು ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲವನ್ನೂ ಓದಬಹುದು. ‘ಗರಗಸ’ವನ್ನು ತಾನೇ ಓದಿದ ಮಗುವಿನ ಮುಖವನ್ನು ಒಮ್ಮೆ ನೋಡಿದವರು ಮತ್ತೆ ಙಕಾರದ ಕಾಪಿ ಬರೆಸಲಾರರು.

ಮೂವತ್ತನಾಲ್ಕು ವ್ಯಂಜನಗಳಿಗೂ ಹದಿನೈದು ರೂಪಗಳಂತೆ ಲೆಕ್ಕ ಹಾಕಿದರೆ ಕಾಗುಣಿತದ ಮನೆಗಳು 510 ಆಗುತ್ತವೆ. ಅಷ್ಟನ್ನೂ ಬಾಯಿಪಾಠ ಮಾಡಿಸುವ ಬದಲು ಒಂದೇ ಒಂದು ಗುಡಿಸನ್ನು ಹಿಡಿದುಕೊಂಡು ಕಿವಿ, ಇಲಿ, ಗಿಳಿ, ಬಿಸಿ ಎಂದು ಪದದಿಂದ ಪದಕ್ಕೆ ನಡೆಸಿದರೆ, ಆ ಗುರುತು ಯಾವ ಅಕ್ಷರದ ತಲೆಯ ಮೇಲೆ ಕುಳಿತರೂ ‘ಇ’ ಎಂದೇ ನುಡಿಯುತ್ತದೆ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತದೆ. ಆಮೇಲೆ ಹೊಸ ವ್ಯಂಜನ ಬಂದಾಗ ಎಣಿಸುತ್ತ ಕೂರಬೇಕಾಗುವುದಿಲ್ಲ.

ಬರವಣಿಗೆಯದ್ದೂ ಇದೇ ಕಥೆ. ಮಗು ‘ಬೆಕ್ಕು’ ಎಂಬುದನ್ನು ‘ಬೆಕು’ ಎಂದು ಬರೆದರೆ ಉಕ್ತಲೇಖನದ ಪುಸ್ತಕದಲ್ಲಿ ಕೆಂಪು ಗೀಟು ಬೀಳುತ್ತದೆ, ಇಂಪೊಸಿಷನ್ ಬೀಳುತ್ತದೆ; ‘ಬೆಕ್... ಕು’ ಎಂದು ತಡೆದು ಹೇಳಿಸಿ, ಒಳಗೆ ಎರಡು ಕಕಾರ ಕೇಳಿಸುವಂತೆ ಮಾಡುವವರು ಮಾತ್ರ ಇಲ್ಲ. ಇನ್ನು ‘ಸೂರ್ಯ’ ತೆಗೆದುಕೊಳ್ಳಿ. ಬಾಯಿ ರಕಾರವನ್ನು ಮೊದಲು ನುಡಿಯುತ್ತದೆ, ಕೈ ಯಕಾರವನ್ನು ಮೊದಲು ಬರೆದು ಅರ್ಕಾವತ್ತನ್ನು ಆಮೇಲೆ ಹಾಕುತ್ತದೆ. ಕಣ್ಣಿಗೆ ಕಂಡ ಕ್ರಮದಲ್ಲಿ ‘ಸೂಯರ’ ಎಂದು ಓದುವ ಮಗು ದಡ್ಡನಲ್ಲ, ಎಡದಿಂದ ಬಲಕ್ಕೆ ಓದಬೇಕೆಂದು ನಾವೇ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಇದನ್ನು ವಿವರಿಸಲು ಎರಡು ನಿಮಿಷ ಸಾಕು, ಆದರೆ ಬೈಯಲು ಅರ್ಧ ಗಂಟೆ ಸಿಗುತ್ತದೆ ನಮಗೆ.

“ನಾವೆಲ್ಲ ಹೀಗೆಯೇ ಕಲಿಯಲಿಲ್ಲವೇ ಮೇಡಂ?” ಎಂದು ಕಮೆಂಟಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಕಲಿತೆವು, ನಿಜ. ಕಲಿಯದವರು ನಮ್ಮ ಪಕ್ಕದ ಮಣೆಯಿಂದ ಮೂರನೇ ಕ್ಲಾಸಿಗೇ ಎದ್ದು ದನ ಕಾಯಲು ಹೋದರು. ಅವರು ಫೇಸ್‌ಬುಕ್ಕಿನಲ್ಲಿ ಕಮೆಂಟು ಬರೆಯುವುದಿಲ್ಲವಾದ್ದರಿಂದ ಹಳೆಯ ಪದ್ಧತಿಗೆ ನೂರಕ್ಕೆ ನೂರು ಅಂಕ. ಹೇಳಿಬಿಡುತ್ತೇನೆ, ನಾನೂ ಕಾಗುಣಿತವನ್ನು ಗಿಳಿಯಂತೆ ಒಪ್ಪಿಸಿ ಶಭಾಷ್ ಎನಿಸಿಕೊಂಡವಳೇ. ಓದು ಬಂದದ್ದು ಅದರಿಂದಲ್ಲ, ಅಪ್ಪನ ಕೈ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿದ್ದರಿಂದ. ಕಾಗುಣಿತದ ಕ್ರಮ ಮುಂದೆ ನಿಘಂಟು ನೋಡುವಾಗ ಬೇಕು. ಅದಕ್ಕೆ ಆತುರವೇನಿದೆ?

ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಮ್ಮ ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ಮೊದಲ ಎರಡು ವರ್ಷಗಳಲ್ಲಿ ಮುಗಿಯದೆ ಮೇಲಿನ ತರಗತಿಗಳವರೆಗೂ ಸಾಗುತ್ತದೆ ಎಂದು ತೋರಿಸಿತು. ಚಿಕ್ಕ ಮಕ್ಕಳ ಓದು-ಬರಹ, ಲೆಕ್ಕಕ್ಕೆಂದು 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಕೂಡ ಅರ್ಥವರಿತು ಓದಲು ಮೂರನೇ ತರಗತಿಯ ಕೊನೆಯವರೆಗೆ ಕಾಲಾವಕಾಶ ಕೊಟ್ಟಿದೆ. ಒಂದನೇ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿಯೇ ಒತ್ತಕ್ಷರ ಕೇಳಿ, ಅಂಕ ಕಡಿಮೆ ಬಂದಿತೆಂದು ಪೋಷಕರನ್ನು ಕರೆಸುವವರು ಯಾವ ಲೆಕ್ಕ ಹಿಡಿದು ಕುಳಿತಿದ್ದಾರೋ, ನನಗಂತೂ ತಿಳಿಯದು.