ಬೈಗುಳಕ್ಕೆ ದಂಡ ಬೇಕೇ? ಪರ–ವಿರೋಧ

(ಮನೆಯಲ್ಲಿ, ಕೆಲಸದ ಜಾಗದಲ್ಲಿ ಬೈಯುವವರಿಂದ ದಂಡ ವಸೂಲಿ ಮಾಡುವುದು ಸರಿಯೇ ಎಂದು ಇಬ್ಬರನ್ನು ಕೇಳಿದ್ದೆವು.)

ಪರ: ಮಾಲಕರ ಮುಂದೆ ತಡೆಯುವ ಬಾಯಿ
(ಬರೆದವರು ಹುಬ್ಬಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾರೆ)

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಶೆಡ್ಡುಗಳ ಮುಂದೆ ಹಾದು ಹೋದರೆ ಗ್ರೈಂಡರಿನ ಸದ್ದನ್ನೂ ಮೀರಿ ಒಂದು ದನಿ ಕೇಳುತ್ತದೆ. ಯಾರದೋ ತಾಯಿಯನ್ನು, ಯಾರದೋ ಅಕ್ಕನನ್ನು ಲೇತ್ ಮಷಿನ್ ಪಕ್ಕಕ್ಕೆ ಎಳೆದು ತರುವ ದನಿ. ಅಂಥದೊಂದು ಶೆಡ್ಡಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಆ ದನಿಗೂ ನನಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. "ಅಕ್ಕಾರ, ನಿಮಗಲ್ರೀ ಅಂದಿದ್ದು" ಎಂದು ಬಂದು ಹೇಳಿ ಹೋಗುವಷ್ಟು ಮರ್ಯಾದಸ್ಥರು ನಮ್ಮ ಫೋರ್‌ಮನ್. ಅಂದದ್ದು ಹೆಲ್ಪರ್ ಹುಡುಗನಿಗೆ. ಆ ಹುಡುಗನಿಗೂ ಅಕ್ಕ ಇದ್ದಾಳೆ.

ಸಿಟ್ಟು ಬಂದಾಗ ಬಾಯಿ ತಡೆಯುವುದಿಲ್ಲ ಎನ್ನುತ್ತಾರೆ. ಸುಳ್ಳು. ಡ್ರಿಲ್ ಬಿಟ್ ಮುರಿದು ಫೋರ್‌ಮನ್ ಕೆಂಡವಾಗಿ ನಿಂತ ಹೊತ್ತಿಗೇ ಮಾಲಕರ ಫೋನು ಬರಲಿ. "ಹೂಂ ಸಾಹೇಬ್ರ, ಮಾಡಕತ್ತೇವ್ರೀ ಸಾಹೇಬ್ರ." ಫೋನು ಜೇಬಿಗೆ ಹೋಯಿತೋ, ಮತ್ತೆ ಹುಡುಗನ ತಾಯಿ. ನಡುವಿನ ಅರ್ಧ ನಿಮಿಷ ಬಾಯಿ ತಡೆಯಿತಲ್ಲ! ಗಿರಾಕಿಯ ಮುಂದೆ ತಡೆಯುತ್ತದೆ, ಜಿಎಸ್‌ಟಿ ಸಾಹೇಬರ ಮುಂದೆ ತಡೆಯುತ್ತದೆ, ಕೆಲಸದ ನಡುವೆ ಕರೆಂಟ್ ತೆಗೆದ ಲೈನ್‌ಮನ್‌ಗೂ "ಬರ್ರಿ ಅಣ್ಣಾರ, ಚಾ ಕುಡೀರಿ" ಎನ್ನುತ್ತದೆ. ಹೆಲ್ಪರ್ ಮುಂದೆ ಮಾತ್ರ ತಡೆಯುವುದಿಲ್ಲ. ಯಾರಿಗೆ ಬೈದರೆ ತನಗೇನೂ ಆಗದು ಎಂದು ಲೆಕ್ಕ ಹಾಕಿದ ಮೇಲೆಯೇ ಬಾಯಿ ತೆರೆಯುವುದು.

ಮನೆಯಲ್ಲಿಯೂ ಇದೇ ಲೆಕ್ಕ. ನನ್ನ ಅಕ್ಕನನ್ನು ಬೆಟಗೇರಿಗೆ, ನೇಕಾರರ ಮನೆಗೆ ಕೊಟ್ಟಿದ್ದರು. ಬಹಳ ವರ್ಷ ಮಕ್ಕಳಾಗಲಿಲ್ಲ. ಬೆಳಗಿನ ಚಹಾದೊಂದಿಗೇ ಅತ್ತೆಯ ಬಾಯಲ್ಲಿ "ಬಂಜಿ" ಶುರುವಾಗುತ್ತಿತ್ತು. ಅದೊಂದೇ ಅಲ್ಲ, ಇಲ್ಲಿ ಬರೆಯಲಾಗದ್ದೂ ಇತ್ತು. ಭಾವ ಕೆಟ್ಟವನಲ್ಲ, ಆದರೆ ಆ ಹೊತ್ತಿಗೆ ಸರಿಯಾಗಿ ಮಗ್ಗದ ಮೇಲೆ ಕೂತುಬಿಡುತ್ತಿದ್ದ. ಲಾಳಿಯ ಸದ್ದಿನಲ್ಲಿ ಏನೂ ಕೇಳಲಿಲ್ಲವಂತೆ. ನಮ್ಮ ಅಪ್ಪನೂ "ಹೊಡೀತಾರೇನು? ಬೈತಾರಷ್ಟ ಹೌದಿಲ್ಲೋ, ತಡ್ಕೋವ್ವಾ" ಎಂದು ಕಳಿಸುತ್ತಿದ್ದ. ಆದರೆ ನಮ್ಮ ಸೋದರಮಾವ ಹೋದ ದಿನ ಅದೇ ಅತ್ತೆ "ಬರ್ರಿ ಬೀಗರ, ಕೈಕಾಲ್ಮುಖ ತೊಳಕೋರಿ" ಎಂದು ನೀರು ಕೊಟ್ಟು, ಅವರು ಏಳುವವರೆಗೂ ಸೊಸೆಯನ್ನು "ನಮ್ಮವ್ವ" ಎಂದೇ ಕರೆದಳು. ಅತ್ತೆಯ ಬಾಯಿ ತಡೆದದ್ದನ್ನು ಅಕ್ಕ ಆವತ್ತು ಕಣ್ಣಾರೆ ಕಂಡಳು. ಆಮೇಲೆ ಭಾವನನ್ನು ಹೊರಡಿಸಿಕೊಂಡು ಬೇರೆ ಬಾಡಿಗೆ ಮನೆ ಮಾಡಿದಳು.

"ಬೈತಾರಷ್ಟ" ಎನ್ನುವವರಿಗೆ ಕಾಯ್ದೆ ಹೇಳುತ್ತೇನೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಮಾತಿನ ಹಿಂಸೆಯೂ ಹಿಂಸೆಯೇ. ಮಕ್ಕಳಿಲ್ಲವೆಂದು, ಗಂಡು ಮಗುವಿಲ್ಲವೆಂದು ಹಂಗಿಸುವುದನ್ನು ಅದು ಬಿಡಿಸಿಯೇ ಹೇಳುತ್ತದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಕಿವಿಗೆ ಬೀಳುವ ಅಶ್ಲೀಲ ಮಾತಿಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. ಹತ್ತು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಾಲ್ಕು ಜನರ ಎದುರು ದಲಿತರಿಗೆ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ. ಜಗಳ ಹುಟ್ಟಿಸಲೆಂದೇ ಹಂಗಿಸಿದರೆ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಮು, ಎರಡು ವರ್ಷದವರೆಗೆ ಜೈಲು. ಇಷ್ಟೆಲ್ಲ ಇದ್ದರೂ ಹೆಲ್ಪರ್ ಹುಡುಗ ಪೊಲೀಸ್ ಠಾಣೆಗೆ ಹೋಗುವುದಿಲ್ಲ, ಹೋದರೆ ಮರುದಿನ ಕೆಲಸವಿರುವುದಿಲ್ಲ. ಅದಕ್ಕೇ ದಂಡದ ಡಬ್ಬಿ.

ನಮ್ಮಲ್ಲಿ ಖಂಡೇನವಮಿ ಪೂಜೆ ಮುಗಿದ ಮೇಲೆ ಖಾಲಿ ರೆಡ್ ಆಕ್ಸೈಡ್ ಬಣ್ಣದ ಡಬ್ಬಿ ತೊಳೆದು ಇಟ್ಟೆ. ಬೈದರೆ ಸಲಕ್ಕೆ ಹತ್ತು ರೂಪಾಯಿ, ಮಾಲಕರಿಗೆ ನೂರು. ನೂರು ಎಂದಾಗ ಮಾಲಕರು ನಕ್ಕರು, ಎರಡು ಸಲ ಕೊಟ್ಟ ಮೇಲೆ ನಗುವುದು ನಿಂತಿತು. ಮೊದಮೊದಲು ಶನಿವಾರಕ್ಕೆ ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಆಗುತ್ತಿತ್ತು. ಈಗ ಡಬ್ಬಿಯಲ್ಲಿ ಚಹಾದ ದುಡ್ಡೂ ಕೂಡುವುದಿಲ್ಲ ಎಂದು ಹುಡುಗರೇ ಗೊಣಗುತ್ತಾರೆ.

ಎದುರಿನವರು ಅಜ್ಜಿಯ ಬೈಗುಳದ ಸವಿ, ಗೆಳೆಯರ ಬೈಗುಳದ ಸಲಿಗೆ ಎಂದೆಲ್ಲ ಬರೆದಿರುತ್ತಾರೆ, ಗೊತ್ತು. ಅಜ್ಜಿ ಬೈದು ಕೈಗೆ ಹೋಳಿಗೆ ಕೊಡುತ್ತಿದ್ದಳು. ಫೋರ್‌ಮನ್ ಏನು ಕೊಡುತ್ತಾರೆ?

ವಿರೋಧ: ಖೋಡಿಗೆ ಎಷ್ಟು, ಮಂಗ್ಯಾಗ ಎಷ್ಟು?
(ಬರೆದವರು ಧಾರವಾಡದ ನಿವೃತ್ತ ಬ್ಯಾಂಕ್ ನೌಕರರು)

"ಪರ ಬರಿಯಾಕ ಅಕ್ಕಾವರು ಒಪ್ಪ್ಯಾರ, ನಿಮಗ ವಿರೋಧ ಉಳದದ ನೋಡ್ರಿ" ಅಂತ ಸಂಪಾದಕರು ಫೋನ್ ಮಾಡಿದಾಗ ನಾನು ಸೂಪರ್ ಮಾರ್ಕೆಟ್ಟಿನ್ಯಾಗ ಮೆಂತೆ ಪಲ್ಯಾ ಆರಸ್ಲಿಕ್ಕೆ ಹತ್ತಿದ್ದೆ. ನೌಕರಿ ಮುಗಿಯೂತನಾ ಬಾಯಿ ಬಿಗಿ ಹಿಡದಾಂವಗ ಬೈಗುಳದ ವಕಾಲತ್ತು! ಆಗಲಿ. ತಾಯಿ ಹೆಸರು, ಜಾತಿ ಹೆಸರು ತಗದು ಬೈಯೂದು ನನಗೂ ಸೇರೂದಿಲ್ಲ. ಅದನ್ನ ಇಲ್ಲೇ ಬಿಟ್ಟು ಮುಂದ ಹೋಗೂಣು.

ಮೊದಲ ತಕರಾರು ಕಾಯ್ದೇದು. ಮನಸಿಗೆ ಬಂದ್ಹಂಗ ಕೂಲಿಕಾರರಿಗೆ ದಂಡ ಹಾಕಲಿಕ್ಕೆ ಬರೂದಿಲ್ರೀ. ಹಳೇ 1936ರ ವೇತನ ಪಾವತಿ ಕಾಯ್ದೆಯೊಳಗೂ ಹಂಗ ಇತ್ತು, ಈಗಿನ 2019ರ ವೇತನ ಸಂಹಿತೆಯೊಳಗೂ ಹಂಗ ಅದ: ಪಗಾರದ ಶೇ 3ಕ್ಕಿಂತ ಜಾಸ್ತಿ ದಂಡ ಹಿಡಿಯೂಹಂಗಿಲ್ಲ, ಯಾವ ತಪ್ಪಿಗೆ ದಂಡ ಅಂತ ಮೊದಲ ಮಂಜೂರಿ ತಗೊಂಡು ಬೋರ್ಡ್ ಹಾಕಬೇಕು, ಅವನ ಮಾತೂ ಕೇಳಬೇಕು. ರೆಡ್ ಆಕ್ಸೈಡ್ ಡಬ್ಬಿಗೆ ಯಾರ ಮಂಜೂರಿ ಅದ?

ಎರಡನೇದು ದರಪಟ್ಟಿ. ಖೋಡಿ ಅಂದ್ರ ಎಷ್ಟು, ಮಂಗ್ಯಾ ಅಂದ್ರ ಎಷ್ಟು? ನಮ್ಮ ಕಡೆ ಇಬ್ಬರು ಗೆಳ್ಯಾರು ಕೂಡಿದ್ರ ಮೊದಲು ಬೈತಾರ, ಆಮ್ಯಾಲೆ ಆರಾಮ ಇದ್ದಿ ಏನಪಾ ಅಂತಾರ. ಹೋಳಿ ಹುಣ್ಣಿವಿಗೆ ಕಾಮಣ್ಣನ್ನ ಸುಟ್ಟು, ಬಾಯಿ ಮ್ಯಾಲೆ ಕೈ ಬಡಕೊಂಡು ಲಬೋ ಲಬೋ ಹೊಯ್ಕೊಂಡು, ಹುಬ್ಬಳ್ಳಿಯೊಳಗ ರಂಗಪಂಚಮಿತನಾ ಹಲಗಿ ಬಡದು ಬೈದು ನಗತಾರ. ಅವತ್ತ ಡಬ್ಬಿ ಹಿಡಕೊಂಡು ದುರ್ಗದಬೈಲ್‌ನ್ಯಾಗ ನಿಂದ್ರತೀರೇನು?

ಈಗ ನಾ ಹೇಳಬೇಕಂದದ್ದು. ಬ್ಯಾಡಗಿಯೊಳಗ ಒಂದು ಶಾಖೆಯೊಳಗ ಇದ್ದೆ. ಮೆಣಸಿನಕಾಯಿ ಸೀಜನ್, ಊರಿಗೂರ ಸೀನ್ತದ, ಕೌಂಟರಿನ ನೋಟಿಗೂ ಘಾಟು. ಮ್ಯಾನೇಜರ್ ಒಬ್ಬರು ಇದ್ರು, ಫ್ಯಾನಿಗೂ ಬೈಯಾವ್ರು, ರಬ್ಬರ್ ಬ್ಯಾಂಡಿಗೂ ಬೈಯಾವ್ರು. ಮಾಲು ಮಾರಿದ ರೈತ ಕ್ಯಾಶ್ ಮುಚ್ಚಿದ ಮ್ಯಾಲೆ ಓಡಿ ಬಂದ್ರ "ಈಗ ಬಂದ್ಯಾ ಖೋಡಿ, ಮುಂಜಾನಿಂದ ಎಲ್ಲೆ ಸತ್ತಿದ್ದಿ?" ಅಂತ ಒದರಿ, "ತಗೀಪಾ ಕೀಲಿ" ಅಂತ ಹೆಡ್ ಕ್ಯಾಶಿಯರಿಗೂ ಎರಡು ಬೈದು, ರೊಕ್ಕಾ ಕೊಡಿಸಿ ಕಳಸಾವ್ರು. ಕೊಡೂದು ನಿಯಮಕ್ಕ ಹೊರಗ ಇತ್ತೋ ಏನೋ, ನಾವ್ಯಾರೂ ಕೇಳಲಿಲ್ಲ. ಅವರ ವರ್ಗಾ ಆದ ಮ್ಯಾಲೆ ಬಂದವರದು ಬಂಗಾರದಂಥಾ ಬಾಯಿ. ಎಲ್ಲಾರಿಗೂ "ತಾವು", "ದಯವಿಟ್ಟು". ಹಾವೇರಿ ಕಡೆಯಾಂವ ಒಬ್ಬ ಮುದುಕ ಹಂಗ ತಡಾ ಮಾಡಿ ಬಂದ. "ದಯವಿಟ್ಟು ನಾಳೆ ಬನ್ನಿ ಯಜಮಾನರೇ" ಅಂದು ಗೋಡೆ ಮ್ಯಾಲಿನ ವೇಳಾಪಟ್ಟಿ ತೋರಿಸಿದ್ರು. ಆ ಮುದುಕನ ಹಂತ್ಯಾಕ ಊಟಕ್ಕ ರೊಕ್ಕಾ ಇರಲಿಲ್ಲ. ಮಾರ್ಕೆಟ್ ಯಾರ್ಡಿನ್ಯಾಗ ಖಾಲಿ ಚೀಲ ಹಾಸಿ ಮಲಗಿದ್ದ ಅಂತ ಮರುದಿನ ಹಮಾಲರು ಹೇಳಿದ್ರು. ಈ ಹೊಸಾ ಮ್ಯಾನೇಜರಿಗೆ ಎಷ್ಟು ದಂಡ ಹಾಕತೀರಿ? ಬಾಯಾಗಿಂದ ಒಂದೂ ಕೆಟ್ಟ ಶಬ್ದ ಬಂದಿಲ್ಲ.

ಮನಿ ವಿಷಯಾನೂ ಬರೀರಿ ಅಂದಾರ ಸಂಪಾದಕರು. ನಮ್ಮ ಮೊಮ್ಮಗ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಮೊಬೈಲಿನ್ಯಾಗ ಬಂದೂಕಿನ ಆಟ ಆಡತಾನ. ಯಾವ ಊರಾಂವಗೋ ಇಂಗ್ಲಿಷಿನ್ಯಾಗ ಬೈತಾನ, ಕೇಳಿದ್ರ ಮೈ ಉರೀತದ. ಅವರವ್ವ ಮಾತ್ರ "ಇಂಗ್ಲಿಷ್ ಎಷ್ಟ್ ಛಲೋ ಬರತದ ನೋಡ್ರಿ ಮಾವಾರ" ಅಂತಾಳ. ಅಲ್ಲೆ ಒಂದು ಡಬ್ಬಿ ಇಟ್ಟು ಸಲಕ್ಕ ಇಪ್ಪತ್ತು ರೂಪಾಯಿ ಅಂದ್ರ ನಂದೇನೂ ತಕರಾರಿಲ್ಲ.