ಸ್ಟೈಲ್ ಯಾರದ್ದಾಗಿರಬೇಕು?

"ನಿನ್ನದೇ ಒಂದು ಸ್ಟೈಲ್ ಬೆಳೆಸಿಕೋ" ಅಂತ ಡಿಸೈನ್ ಕಲಿಯುವ ಹುಡುಗರಿಗೆ ಎಲ್ಲರೂ ಹೇಳುತ್ತಾರೆ. ತುಮಕೂರಿನಂಥ ಊರಲ್ಲಿ ಈ ಮಾತು ಕೇಳಿದರೆ ಕಷ್ಟ. ಇಲ್ಲಿ ಬೋರ್ಡ್ ಡಿಸೈನ್ ಮಾಡಿಸೋಕೆ ಮಂಡಿಪೇಟೆಯ ಅಂಗಡಿಯವರೂ ನಮ್ಮ ಹತ್ತಿರ ಬರುತ್ತಾರೆ, ಅವರ ಎದುರಂಗಡಿಯವರೂ ನಮ್ಮ ಹತ್ತಿರಾನೇ ಬರುತ್ತಾರೆ. ಇಬ್ಬರಿಗೂ ಅದೇ ಗುಂಡನೆಯ ಅಕ್ಷರ, ಅದೇ ಹಳದಿ ಬಣ್ಣ ಕೊಟ್ಟರೆ ಆ ಬೋರ್ಡುಗಳು ನನ್ನ ಜಾಹೀರಾತು ಆಗುತ್ತವೆ. ದುಡ್ಡು ಕೊಟ್ಟಿದ್ದು ಅವರು, ಅಲ್ವಾ?

ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ ನೋಡಿ. 1971ರಲ್ಲಿ ಅದನ್ನು ಮಾಡಿದ್ದು ಅಹಮದಾಬಾದಿನ ಎನ್‌ಐಡಿ ಎಂಬ ಡಿಸೈನ್ ಸಂಸ್ಥೆಯ ಶೇಖರ್ ಕಾಮತ್. ಬಿ.ಎಚ್. ರಸ್ತೆಯಲ್ಲಿ ಅದನ್ನು ನೋಡಿದವರಿಗೆ ಬ್ಯಾಂಕು ನೆನಪಾಗುತ್ತದೆ, ಕಾಮತ್ ಅಲ್ಲ. ಅಮುಲ್ ಹುಡುಗಿಯದೂ ಇದೇ ಕಥೆ. 1966ರಲ್ಲಿ ಯೂಸ್ಟಸ್ ಫರ್ನಾಂಡಿಸ್ ಕೈಯಲ್ಲಿ ಶುರುವಾದಳು, ಆಮೇಲೆ ಬರೆಯುವ ಕೈ ಬದಲಾಯಿತು. ಹುಡುಗಿ ಮಾತ್ರ ಹಾಗೇ ಇದ್ದಾಳೆ. ಸ್ಟೈಲ್ ಇದೆ, ಆದರೆ ಅದು ಬೆಣ್ಣೆಯದ್ದು.

ಹಾಗಂತ ಡಿಸೈನರ್ ಸುಮ್ನೆ ಹೇಳಿದ್ದನ್ನು ಟೈಪ್ ಮಾಡುವವನಾ? ಅದೂ ಅಲ್ಲ. "ಶುದ್ಧ ಕೊಬ್ಬರಿ ಎಣ್ಣೆ" ಅಂತ ಲೇಬಲ್ ಮಾಡಿ ನೋಡಿ. ಮೂರು ಪದ, ಮೂರರಲ್ಲೂ ಒತ್ತಕ್ಷರ. ಪದಗಳನ್ನು ಒಂದರ ಕೆಳಗೊಂದು ಕೂರಿಸಿದರೆ "ದ್ಧ"ದ ಒತ್ತು ಕೆಳಗಿನ "ಕೊಬ್ಬರಿ"ಯ ತಲೆಗೆ ಬಡಿಯುತ್ತದೆ. ಸಾಲಿನ ನಡುವೆ ಜಾಗ ಬಿಟ್ಟರೆ ಪುಟ್ಟ ಬಾಟಲಿಯಲ್ಲಿ ಲೇಬಲ್ ಸಾಲುವುದಿಲ್ಲ. ಅದರಲ್ಲೇ ಎಂಆರ್‌ಪಿ, ತೂಕ, ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಬೇರೆ ಹಿಡಿಸಬೇಕು. ಇಂಗ್ಲಿಷಿನ ಅಳತೆಗೆ ಕೂತ ಡಿಸೈನ್‌ಗೆ ಕನ್ನಡ ತುಂಬಿದರೆ ಒತ್ತುಗಳೆಲ್ಲ ಕತ್ತರಿಸಿಹೋಗುತ್ತವೆ. ನಾನು ಸಾಮಾನ್ಯವಾಗಿ "ಕೊಬ್ಬರಿ" ದೊಡ್ಡದು ಮಾಡಿ, "ಶುದ್ಧ"ವನ್ನು ಚಿಕ್ಕದಾಗಿ ಪಕ್ಕಕ್ಕೆ ಸರಿಸುತ್ತೇನೆ. ಬೇರೆಯವರು ಬೇರೆ ಥರ ಮಾಡಬಹುದು. ನನ್ನ ಸ್ಟೈಲ್ ಅಂತ ಏನಾದರೂ ಇದ್ದರೆ ಅದು ಅಲ್ಲಿದೆ. ಗಿರಾಕಿಗೆ ಅದು ಕಾಣುವುದೂ ಇಲ್ಲ, "ಓದೋಕೆ ಚೆನ್ನಾಗಿದೆ" ಅಂತ ತೆಗೆದುಕೊಂಡು ಹೋಗುತ್ತಾರೆ.

ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಥರದವರ ವಿಷಯ ಬೇರೆ. ಅವರ ಗೆರೆಯೇ ಬೇಕು ಅಂತ ಹುಡುಕಿಕೊಂಡು ಬರುತ್ತಿದ್ದರು. ನಮ್ಮ ಹತ್ತಿರ ಹಾಗೆ ಬಂದವರಿಗೆ ಖಂಡಿತ ಕೊಡೋಣ, ರೇಟೂ ಜಾಸ್ತಿ ಕೇಳೋಣ.

ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಯಾರ ಫೋಟೊ ಯಾರಿಗಿಂತ ದೊಡ್ಡದಿರಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ನಮ್ಮ ಕೆಲಸ ಅಷ್ಟೂ ತಲೆ ಹಿಡಿಸುವುದು.